ಕುಂಕುಮ ಇಟ್ಟ ಗ್ರಾಫಿಕ್ಸ್ ಕಾರ್ಡು

ಸುಮಿತ್ರಾ: ಒತ್ತಬೇಡಿ ಅಂದ್ರೆ ಒತ್ತಬೇಡಿ. ಅದು ಒಳಗೆ ಹೋಗಲ್ಲ.

ರಮಾಕಾಂತ: ಹೋಗುತ್ತೆ ಕಣೇ. ಸ್ವಲ್ಪ ಓರೆ ಮಾಡಿ ಹಾಕ್ಬೇಕು ಅಷ್ಟೇ.

ಸುಮಿತ್ರಾ: ಅದೇನು ಬೀರುವೇನ್ರೀ, ಬಾಗಿಲ ಹತ್ರ ಓರೆ ಮಾಡಿ ಒಳಗೆ ತಗೊಳ್ಳೋಕೆ?

ರಮಾಕಾಂತ: ನಿನ್ನ ಡಬ್ಬ ಚಿಕ್ಕದು.

ಸುಮಿತ್ರಾ: ನಿಮ್ಮ ಕಾರ್ಡು ದೊಡ್ಡದು.

ಇಬ್ಬರ ಮಾತೂ ನಿಜವೇ ಆಗಿತ್ತು. ಇಬ್ಬರೂ ನಿಜ ಹೇಳುತ್ತಿರುವ ಜಗಳಕ್ಕೆ ಕೊನೆಯೆಲ್ಲಿ? ವಿಶಾಖಪಟ್ಟಣದ ಎಂ.ವಿ.ಪಿ. ಕಾಲನಿಯ ಬಾಡಿಗೆ ಮನೆಯ ನಡುಮನೆಯಲ್ಲಿ, ಭಾನುವಾರ ಬೆಳಗ್ಗೆ, ಹಳೆಯ ದುಪ್ಪಟಿ ಹಾಸಿ ಅದರ ಮೇಲೆ ಒಂದು ಕಂಪ್ಯೂಟರನ್ನು ಬಿಡಿಬಿಡಿಯಾಗಿ ಹರಡಿಕೊಂಡು ಗಂಡ ಹೆಂಡತಿ ಕೂತಿದ್ದರು. ರಮಾಕಾಂತನ ಕೈಯಲ್ಲಿದ್ದ, ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಒಂದೂವರೆ ಗೇಣು ಉದ್ದ, ಇಟ್ಟಿಗೆಯಷ್ಟು ತೂಕ. ಅದನ್ನು ಅವನು ಫ್ಯಾನಿನ ಕಡೆ ಕೆಳಗೆ ಮಾಡಿಕೊಂಡೇ ಹಿಡಿದಿದ್ದ, ಒಂದು ಸಲವೂ ಮಗುಚಿ ತೋರಿಸಿರಲಿಲ್ಲ. ಸುಮಿತ್ರಾಳ ಮುಂದೆ ಕಬ್ಬಿಣದ ಕ್ಯಾಬಿನೆಟ್ಟು ಬಾಯಿ ತೆರೆದುಕೊಂಡು ಕೂತಿತ್ತು.

ಇಬ್ಬರೂ ತಿಪಟೂರಿನ ಕಡೆಯವರು, ಇಬ್ಬರೂ ಬ್ಯಾಂಕಿನವರು. ಹೋದ ವರ್ಷ ಸುಮಿತ್ರಾಳಿಗೆ ಬಡ್ತಿ ಬಂತು, ಬಡ್ತಿಯ ಬಾಲ ಹಿಡಿದುಕೊಂಡು ವಿಜಯವಾಡಕ್ಕೆ ವರ್ಗವೂ ಬಂತು. ರಮಾಕಾಂತ ಇಲ್ಲೇ ಉಳಿದ. ಎರಡನೇ ಶನಿವಾರ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆಯಾದ್ದರಿಂದ ಇವಳೋ ಅವನೋ ರೈಲು ಹತ್ತುತ್ತಿದ್ದರು. ಉಳಿದ ದಿನ ಫೋನು. ಮೊದಮೊದಲು ಫೋನಿನಲ್ಲಿ ಮಾತೋ ಮಾತು. ಆಮೇಲೆ ಅದು ‘ಊಟ ಆಯ್ತಾ’, ‘ಆಯ್ತು, ನಿಂದು?’, ‘ಆಯ್ತು’ ಎನ್ನುವಷ್ಟಕ್ಕೆ ಬಂದು ನಿಂತಿತು. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಮಾತೇ ಇಲ್ಲವಾಯಿತಲ್ಲ ಎಂದು ಸುಮಿತ್ರಾ ವಿಜಯವಾಡದ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತದ್ದೂ ಉಂಟು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವರನ್ನು ಉಳಿಸಿದ್ದು ಮಗಳು ಸಹನಾ. ಮೈಸೂರಿನ ಹಾಸ್ಟೆಲಿನಿಂದ ರಜೆಗೆ ಬಂದವಳು ಮನೆಯಲ್ಲಿದ್ದ ತನ್ನ ಹಳೆಯ ಕಂಪ್ಯೂಟರಿಗೂ ಅಮ್ಮನ ಲ್ಯಾಪ್‌ಟಾಪಿಗೂ ಒಂದು ಲಾರಿ ಆಟ ಹಾಕಿಕೊಟ್ಟು ಹೋದಳು. ಇವರಿಬ್ಬರೂ ಎರಡು ಊರಿನಲ್ಲಿ ಕೂತು ಒಂದೇ ಘಾಟಿಯಲ್ಲಿ ಹಿಂದೆ ಮುಂದೆ ಲಾರಿ ಓಡಿಸಬಹುದು. ಲೋಡಿನಲ್ಲಿ ಏನೇ ಇರಲಿ, ಪಕ್ಕದ ಊರಿನ ಹೆಸರುವಾಸಿ ಬೆಲ್ಲದ ನೆನಪಿಗೆ ಅದಕ್ಕೆ ಇವರಿಟ್ಟ ಹೆಸರು ಅನಕಾಪಲ್ಲಿ ಬೆಲ್ಲ. ಕೈಗೆ ಕೆಲಸ ಸಿಕ್ಕಿದ್ದೇ ಬಾಯಿ ಸಡಿಲವಾಯಿತು. ಮ್ಯಾನೇಜರನ ಸಿಡುಕು, ರಮಾಕಾಂತನ ಮಂಡಿನೋವು, ಮಹಡಿ ಮೇಲಿನ ಹೈಮಾವತಿಯವರ ಮನೆಯ ನಲ್ಲಿ, ಎಲ್ಲವೂ ಆ ಘಾಟಿ ಹತ್ತುತ್ತಾ ಫೋನಿನಲ್ಲಿ ಹೊರಗೆ ಬಂತು.

ತೊಂದರೆ ಇದ್ದದ್ದು ಒಂದೇ. ಘಾಟಿಯಲ್ಲೊಂದು ತಿರುವು, ಭೀಮುನಿಪಟ್ಟಣದ ರಸ್ತೆಯ ಹಾಗೆ ಪಕ್ಕದಲ್ಲೇ ಸಮುದ್ರ. ಆ ಊರಿನ ಗಿಡ್ಡ ಹೆಸರು ಹಿಡಿದು ಅದನ್ನು ಇವರು ಭೀಮಿಲಿ ತಿರುವು ಎನ್ನುತ್ತಿದ್ದರು. ಅಲ್ಲಿಗೆ ಬಂದ ಕೂಡಲೇ ರಮಾಕಾಂತನ ಲಾರಿ ದಿನಾ ಹಳ್ಳಕ್ಕೆ ಬೀಳುತ್ತಿತ್ತು. ‘ಚಿತ್ರ ನಿಂತುಹೋಯ್ತು ಕಣೇ, ಸ್ಟೇರಿಂಗ್ ಕೈಗೇ ಸಿಗಲಿಲ್ಲ’ ಎನ್ನುತ್ತಿದ್ದ. ಮುಂದೆ ಹೋಗಿದ್ದ ಸುಮಿತ್ರಾ ಲಾರಿ ತಿರುಗಿಸಿಕೊಂಡು ಬಂದು, ಹಗ್ಗ ಬಿಟ್ಟು, ಬೈದುಕೊಂಡು ಅವನನ್ನು ಮೇಲಕ್ಕೆಳೆಯಬೇಕು. ಕಡೆಗೆ ಅವಳೇ ಹೇಳಿದಳು, ಹಳೇ ಮಷೀನು, ಹೊಸ ಭಾಗ ಹಾಕಿಸೋಣ ಎಂದು. ಒಬ್ಬರು ತರುವುದಕ್ಕೆ ಇನ್ನೊಬ್ಬರು ಬಾಯಿ ಹಾಕಬಾರದು ಎಂದು ಮಾತಾಯಿತು. ಕಾರ್ಡು ಮತ್ತು ಮೆಮೊರಿ ವಿಶಾಖಪಟ್ಟಣದಲ್ಲಿ ಅವನ ಪಾಲು. ಪ್ರೊಸೆಸರ್, ಮದರ್‌ಬೋರ್ಡು, ಪವರ್ ಸಪ್ಲೈ, ಕ್ಯಾಬಿನೆಟ್ಟು ವಿಜಯವಾಡದಲ್ಲಿ ಇವಳ ಪಾಲು.

ನಿನ್ನೆಯೇ ಜೋಡಿಸಿ ಮುಗಿಸಬಹುದಿತ್ತು. ಆದರೆ ಸುಮಿತ್ರಾ ಕ್ಯಾಬಿನೆಟ್ಟು ಹೊತ್ತುಕೊಂಡು ಮೆಟ್ಟಿಲು ಹತ್ತಿದಾಗ ರಮಾಕಾಂತ ಬಾಗಿಲಿಗೇ ಅಡ್ಡ ನಿಂತ. ಶನಿವಾರ ಕಬ್ಬಿಣ ಮನೆಯೊಳಗೆ ತರಬಾರದಂತೆ. ಹಾಗಾಗಿ ಕ್ಯಾಬಿನೆಟ್ಟು ರಾತ್ರಿಯಿಡೀ ಹೊರಗೆ ಜಗಲಿಯ ಮೇಲೆ ಅವಳ ವೇಲು ಹೊದ್ದುಕೊಂಡು ಮಲಗಿತ್ತು. ಈಗ ಭಾನುವಾರ, ಸಂಜೆಗೆ ಅವಳ ರೈಲು.

ಸುಮಿತ್ರಾ: ನಿನ್ನೆ ಒಳಗೆ ಬಿಟ್ಟಿದ್ರೆ ಇದು ಹಿಡಿಸಲ್ಲ ಅಂತ ನಿನ್ನೇನೇ ಗೊತ್ತಾಗ್ತಿತ್ತು.

ರಮಾಕಾಂತ: ಗೊತ್ತಾಗಿ ಏನು ಮಾಡ್ತಿದ್ದೆ?

ಸುಮಿತ್ರಾ: ಒಂದು ದಿನ ಮುಂಚೆ ಜಗಳ ಶುರು ಮಾಡ್ತಿದ್ದೆ. ಇಷ್ಟು ಹೊತ್ತಿಗೆ ಮುಗಿದಿರ್ತಿತ್ತು.

ರಮಾಕಾಂತ: ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಸರಿ. ಕಾಲು ಎಷ್ಟಿದೆ ಅಂತ ನೋಡದೆ ತೊಟ್ಟಿಲು ತಂದಿದ್ದೀಯಲ್ಲ.

ಸುಮಿತ್ರಾ: ಟಿವಿ ಸ್ಟ್ಯಾಂಡಿನ ಕೆಳಗಡೆ ಗೂಡಿದೆಯಲ್ಲ, ಅದಕ್ಕೆ ಸರಿಯಾಗಿ ಅಳತೆ ಮಾಡಿ ತಂದಿದ್ದು. ಹೊರಗಡೆ ಇಟ್ರೆ ಧೂಳು ಕೂರುತ್ತೆ.

ರಮಾಕಾಂತ: ಒಳಗಡೆ ಏನು ಕೂರುತ್ತೆ ಅಂತ ಅಳತೆ ಮಾಡ್ಲಿಲ್ಲ.

ಅವನು ಕಾರ್ಡನ್ನು ಹಾಗೇ ಕವುಚಿ ಪಕ್ಕಕ್ಕಿಟ್ಟು, ಅವಳು ತಂದಿದ್ದ ಪ್ರೊಸೆಸರಿನ ಪೆಟ್ಟಿಗೆಯನ್ನು ಕನ್ನಡಕ ಮೇಲೆತ್ತಿ ಓದಿದ. ಓದಿ ಅವಳ ಮುಖ ನೋಡಿದ. ಮತ್ತೆ ಪೆಟ್ಟಿಗೆ ನೋಡಿದ.

ರಮಾಕಾಂತ: ಇದನ್ನ ಯಾರು ಕೊಡ್ಸಿದ್ರು?

ಸುಮಿತ್ರಾ: ನಾನೇ ಕೇಳಿ ತಗೊಂಡೆ. ಯಾಕೆ?

ರಮಾಕಾಂತ: ಈ ಕಾರ್ಡಿಗೆ ಈ ಪ್ರೊಸೆಸರ್ ಸಾಲಲ್ಲ. ಮದುವೆಮನೆ ಅಂತ ಇಟ್ಕೋ. ಬಡಿಸೋಕೆ ನೂರು ಜನ ಸೌಟು ಹಿಡ್ಕೊಂಡು ನಿಂತಿದ್ದಾರೆ. ಒಳಗಡೆ ಅಡುಗೆ ಮಾಡೋನು ಒಬ್ಬನೇ ಮುದುಕ. ಅವನು ಒಂದೊಂದು ಹಂಡೆ ಇಳಿಸೋ ತನಕ ಇವರೆಲ್ಲ ಗೋಡೆಗೆ ಒರಗಿಕೊಂಡು ನಿಲ್ಲಬೇಕು.

ಸುಮಿತ್ರಾ: ಬಡಿಸೋಕೆ ನೂರು ಜನ ಯಾಕ್ರೀ ಕರ್ಸಿದ್ರಿ? ಊಟಕ್ಕಿರೋರು ನಾವಿಬ್ಬರೇ.

ರಮಾಕಾಂತ: ಮತ್ತೆ ಈ ಪವರ್ ಸಪ್ಲೈ? ಇದು ಕಾಣಲ್ಲ ಅಂತ ತಾನೇ ಸಣ್ಣದು ತಂದಿದ್ದು? ಕಾರ್ಡು ಜೋರಾಗಿ ಕರೆಂಟು ಎಳೆದ ತಕ್ಷಣ ಇದು ಕೈ ಎತ್ತಿಬಿಡುತ್ತೆ. ಮನೆ ಕಟ್ಟೋರು ಅಡಿಪಾಯ ಕಾಣಲ್ಲ ಅಂತ ಮಣ್ಣು ತುಂಬಿಸ್ತಾರೇನೇ?

ಸುಮಿತ್ರಾ: ನೀವು ಆನೆ ತರ್ತೀರಿ ಅಂತ ಗೊತ್ತಿದ್ರೆ ಸರಪಳಿನೂ ಅದಕ್ಕೆ ತಕ್ಕ ಹಾಗೆ ತರ್ತಿದ್ದೆ. ಇರಲಿ, ನಿಮ್ಮ ಮೆಮೊರಿ ಕೊಡಿ ಇಲ್ಲಿ. ಇದೇನಿದು, ದೀಪ ಬೇರೆ ಉರಿಯುತ್ತಾ?

ರಮಾಕಾಂತ: ಏಳು ಬಣ್ಣ. ಒಂದಾದ ಮೇಲೆ ಒಂದು.

ಸುಮಿತ್ರಾ: ಸುತ್ತ ಮುಚ್ಚಿರೋ ಕಬ್ಬಿಣದ ಡಬ್ಬದೊಳಗೆ ಏಳು ಬಣ್ಣ ಯಾರು ನೋಡ್ಬೇಕು? ಜಿರಳೇನಾ? ಅದೂ ಅಲ್ದೆ ಇದು ನನ್ನ ಬೋರ್ಡಿಗೆ ಕೂರಲ್ಲ. ನಿಮ್ಮದು ಹೊಸ ಪೀಳಿಗೇದು, ನನ್ನದು ಹಿಂದಿನದು. ನೋಡಿ, ಕಚ್ಚು ಇರೋ ಜಾಗಾನೇ ಬೇರೆ.

ರಮಾಕಾಂತ ನೋಡಿದ. ಕಚ್ಚು ನಿಜವಾಗಿಯೂ ಬೇರೆ ಜಾಗದಲ್ಲಿತ್ತು.

ಈಗ ಸುಮಿತ್ರಾಳಿಗೆ ಒಂದು ಹಳೆಯ ವಿಷಯ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಅವಳ ಅಡುಗೆಯಲ್ಲಿ ಉಪ್ಪು ಕಡಿಮೆ ಎಂದು ಅವನು ಕದ್ದು ಸಾರಿಗೆ ಉಪ್ಪು ಹಾಕುತ್ತಿದ್ದ. ಅವನು ಹಾಕುತ್ತಾನೆಂದು ತಿಳಿದ ಮೇಲೆ ಅವಳು ಇನ್ನೂ ಕಡಿಮೆ ಮಾಡಿದಳು. ಅವಳು ಇನ್ನೂ ಕಡಿಮೆ ಮಾಡಿದ್ದಾಳೆಂದು ಅವನು ಇನ್ನೊಂದು ಹಿಡಿ ಸುರಿದ. ಒಂದು ಯುಗಾದಿಗೆ ಬಂದ ನೆಂಟರು ಆ ಸಾರು ಕುಡಿದು ಮತ್ತೆ ಯುಗಾದಿಗೆ ಬರಲೇ ಇಲ್ಲ.

ಸುಮಿತ್ರಾ: ನಿಜ ಹೇಳಿ. ಇಷ್ಟು ದೊಡ್ಡದು ಯಾಕೆ ತಂದ್ರಿ?

ರಮಾಕಾಂತ: ನೀನು ಹೇಗಿದ್ರೂ ಕೈ ಬಿಗಿ ಹಿಡಿದು ಸಣ್ಣದೇ ತರ್ತೀಯ ಅಂತ ಗೊತ್ತಿತ್ತು. ನನ್ನ ಪಾಲಾದ್ರೂ ಸ್ವಲ್ಪ ಮೇಲಿರಲಿ, ಒಟ್ಟಿಗೆ ಸರಿಹೋಗುತ್ತೆ ಅಂತ.

ಸುಮಿತ್ರಾ: ನೀವು ಹೇಗಿದ್ರೂ ಜಂಬಕ್ಕೆ ದೊಡ್ಡದೇ ತರ್ತೀರಿ ಅಂತ ನನಗೂ ಗೊತ್ತಿತ್ತು. ಅದಕ್ಕೇ ನನ್ನ ಪಾಲು ಕೆಳಗಿಳಿಸಿದೆ, ಒಟ್ಟಿಗೆ ಸರಿಹೋಗಲಿ ಅಂತ.

ರಮಾಕಾಂತ: ಸರಿಹೋಯ್ತಲ್ಲ. ಕೂಡಿಸಿ ಎರಡರಿಂದ ಭಾಗಿಸಿದ್ರೆ ಬಂಗಾರದಂಥ ಮಷೀನು.

ಸುಮಿತ್ರಾ: ಭಾಗಾಕಾರದ ಮೇಲೆ ಲಾರಿ ಓಡಲ್ಲ ರೀ. ನಾನು ಆಟ ನೋಡಿ, ಅದಕ್ಕೆ ಎಷ್ಟು ಬೇಕೋ ಅಷ್ಟು ತರ್ಬೇಕಿತ್ತು. ನೀವೂ ಅಷ್ಟೇ. ಇಬ್ಬರೂ ಆಟ ಬಿಟ್ಟು ಒಬ್ಬರನ್ನೊಬ್ಬರು ನೋಡ್ಕೊಂಡು ಸಾಮಾನು ತಂದಿದ್ದೀವಿ. ಸರೇ, ಈಗ ದಾರಿ ಹೇಳ್ತೀನಿ ಕೇಳಿ.

ರಮಾಕಾಂತ: ಸರಿ ಅನ್ನೋದು ಹೋಗಿ ಸರೇ ಅಂತೆ. ಒಂದು ವರ್ಷಕ್ಕೇ ಪೂರ್ತಿ ವಿಜಯವಾಡದವಳಾಗಿಬಿಟ್ಟೆ.

ಸುಮಿತ್ರಾ: ಮಾತು ತಿರುಗಿಸಬೇಡಿ.

ಅವಳು ಹೇಳಿದ ದಾರಿ ಸುಲಭದ್ದೇ. ತಾನು ತಂದಿದ್ದು ವಿಜಯವಾಡದ ಸಾಮಾನು, ಇವತ್ತು ಬದಲಾಯಿಸುವ ಹಾಗಿಲ್ಲ. ಆದರೆ ಲಾರಿ ಆಟಕ್ಕೆ ಆ ಪ್ರೊಸೆಸರ್ ಸಾಕು. ಕಾರ್ಡು, ಮೆಮೊರಿ ಇಲ್ಲಿಯವೇ ತಾನೇ? ಅವನ್ನು ಕೊಟ್ಟು, ಈ ಡಬ್ಬಕ್ಕೆ ಹಿಡಿಸುವ, ಈ ಪವರ್ ಸಪ್ಲೈ ಹೊರುವ ಒಂದು ಪುಟ್ಟ ಕಾರ್ಡು ತಂದುಬಿಟ್ಟರೆ ಅಡುಗೆಯವನಿಗೂ ಬಡಿಸುವವನಿಗೂ ಹೊಂದಿಕೆಯಾಗುತ್ತದೆ. ರಮಾಕಾಂತ ಕಾರ್ಡು ಕೊಂಡಿದ್ದ ಅಂಗಡಿಯ ಸಾಯಿಗೆ ಅವಳೇ ಫೋನು ಮಾಡಿದಳು. ಸಾಯಿ ಒಳ್ಳೆಯವನು. ಕಾರ್ಡು ಕೊಟ್ಟ ಹಾಗೇ ಇದ್ದರೆ ತನ್ನಿ ಮೇಡಂ, ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತದೆ, ಬದಲಾಯಿಸಿ ಕೊಡುತ್ತೇನೆ ಎಂದು ತೆಲುಗಿನಲ್ಲಿ ನಯವಾಗಿ ಹೇಳಿದ.

ಸುಮಿತ್ರಾ: ಕೇಳಿದ್ರಾ? ಕೊಟ್ಟ ಹಾಗೇ ಇರ್ಬೇಕಂತೆ. ಎಲ್ಲಿ, ಪೆಟ್ಟಿಗೆಗೆ ಹಾಕಿ.

ರಮಾಕಾಂತ: ಕೊಟ್ಟ ಹಾಗೇ ಅಂದ್ರೆ, ಎಷ್ಟರ ಮಟ್ಟಿಗೆ?

ಸುಮಿತ್ರಾ: ಎಷ್ಟರ ಮಟ್ಟಿಗೆ ಅಂದ್ರೆ ಏನ್ರೀ ಅರ್ಥ?

ಅವಳೇ ಕೈ ಚಾಚಿ ಕಾರ್ಡನ್ನು ಮಗುಚಿದಳು. ಮೂರು ಫ್ಯಾನು, ಮೂರಕ್ಕೂ ನಡುವೆ ಅರಿಶಿನ, ಅರಿಶಿನದ ಮೇಲೆ ಕುಂಕುಮ. ಅಂಚಿನ ಲೋಹದ ಸಂದಿಯಲ್ಲಿ ಅಕ್ಷತೆ ಕಾಳು. ಒಂದು ಮೂಲೆಯಲ್ಲಿ ಬಾಡಿದ ದಾಸವಾಳದ ಎಸಳು.

ರಮಾಕಾಂತನ ಸ್ವಭಾವವೇ ಅಷ್ಟು. ಬ್ಯಾಂಕಿನಲ್ಲಿ ಆಯುಧಪೂಜೆ ಬಂತೆಂದರೆ ನೋಟು ಎಣಿಸುವ ಮಷೀನಿಗೆ ಕುಂಕುಮ ಇಡುವುದು ಅವನ ಕೆಲಸ. ವಿಶಾಖಪಟ್ಟಣದ ತೆಲುಗು ಸಹೋದ್ಯೋಗಿಗಳು ಅದನ್ನು ಭಕ್ತಿಯಿಂದ ಅವನಿಗೇ ಬಿಟ್ಟುಕೊಟ್ಟಿದ್ದರು. ಹೋದ ದಸರಾ ಆದ ಮೇಲೆ ವಾರಗಟ್ಟಲೆ ಆ ಮಷೀನಿನಿಂದ ಹೊರಬಂದ ನೋಟೆಲ್ಲ ಕೆಂಪುಕೆಂಪಾಗಿದ್ದವು.

ಸುಮಿತ್ರಾ: ಮಂಗಳಾರತಿನೂ ಆಯ್ತಾ?

ರಮಾಕಾಂತ: ಇಲ್ಲ. ಪ್ಲಾಸ್ಟಿಕ್ ಅಲ್ವಾ ಅಂತ ಊದುಬತ್ತಿಗೇ ನಿಲ್ಲಿಸಿದೆ.

ಸುಮಿತ್ರಾ: ದೊಡ್ಡ ಮನಸ್ಸು ಮಾಡಿದ್ರಿ.

ರಮಾಕಾಂತ: ಒರೆಸಿಬಿಡೋಣ.

ಒರೆಸಲು ಹೋದರೆ ಅರಿಶಿನ ಇನ್ನೂ ಹರಡಿತು. ಅಕ್ಷತೆಯನ್ನು ಸೂಜಿಯಿಂದ ಕೆದಕಿದರೆ ಒಂದು ಕಾಳು ಹೊರಗೆ ಬಂತು, ಎರಡು ಒಳಗೆ ಹೋದವು. ಸುಮಿತ್ರಾ ಫೋಟೋ ತೆಗೆದು ಸಾಯಿಗೆ ಕಳಿಸಿದಳು. ಸಾಯಿ ಫೋನು ಮಾಡಿ, ಪೂಜೆಯಾದ ಸಾಮಾನನ್ನು ವಾಪಸು ತೆಗೆದುಕೊಳ್ಳಲು ಕಂಪನಿಯೂ ಒಪ್ಪುವುದಿಲ್ಲ, ತನ್ನ ಹೆಂಡತಿಯೂ ಒಪ್ಪುವುದಿಲ್ಲ ಎಂದು ಬೇಸರದಿಂದ ತಿಳಿಸಿದ.

ಸುಮಿತ್ರಾ ಮಂಚದ ಕಾಲಿಗೆ ಒರಗಿ ಕೂತಳು. ಅವಳಿಗೆ ಬೇಕಾಗಿದ್ದು ಏಳು ಬಣ್ಣದ ದೀಪವಲ್ಲ, ನೂರು ಜನ ಬಡಿಸುವವರೂ ಅಲ್ಲ. ನಾಳೆ ಸಂಜೆ ಆ ಘಾಟಿಯಲ್ಲಿ ತನ್ನ ಲಾರಿಯ ಹಿಂದೆ ಇನ್ನೊಂದು ಲಾರಿಯ ದೀಪ ಕಾಣಬೇಕು, ಅಷ್ಟೇ.

ಸುಮಿತ್ರಾ: ಹಳೇ ಮಷೀನ್ ಎಲ್ಲಿ?

ರಮಾಕಾಂತ: ಶುಕ್ರವಾರವೇ ಬಿಚ್ಚಿ ಹಾಕಿದೆ. ಪರಾತದಲ್ಲಿದೆ.

ಸುಮಿತ್ರಾ: ಅದನ್ನೇ ಜೋಡಿಸೋಣ.

ರಮಾಕಾಂತ: ಅದು ಬೇಡ ಬಿಡು.

ಸುಮಿತ್ರಾ: ಯಾಕೆ ಬೇಡ?

ರಮಾಕಾಂತ: ಅದು ಹಳೇದು. ಜೋಡಿಸಿದ್ರೂ ಪ್ರಯೋಜನ ಇಲ್ಲ. ಸುಮ್ನೆ ನಿನಗೆ ಶ್ರಮ.

ಸುಮಿತ್ರಾ: ದಿನಾ ಒಂದು ಸಲ ಹಳ್ಳಕ್ಕೆ ಬೀಳ್ತೀರಿ ತಾನೇ, ಬೀಳಿ. ಎಳೀತೀನಿ. ಆದ್ರೆ ನಾನು ರೈಲು ಹತ್ತೋ ಮುಂಚೆ ಇಲ್ಲಿ ಏನಾದ್ರೂ ಒಂದು ಓಡ್ತಿರ್ಬೇಕು. ಮುಂದಿನ ರಜೆ ತನಕ ಮತ್ತೆ ‘ಊಟ ಆಯ್ತಾ, ಆಯ್ತು’ ಅಂತ ಕೂತ್ಕೊಳ್ಳೋಕೆ ನನ್ನ ಕೈಲಾಗಲ್ಲ ರೀ. ನನಗೆ ಅಳು ಬರುತ್ತೆ.

ಅವನು ಎದ್ದು ಹೋಗಿ ಪರಾತ ತಂದ. ತಿರುಪುಗಳು ದೇವರ ಮನೆಯ ಪಂಚಪಾತ್ರೆಯಲ್ಲಿದ್ದವು. ಹಳೆಯ ಡಬ್ಬ, ಹಳೆಯ ಬೋರ್ಡು, ಹಳೆಯ ಪುಟ್ಟ ಕಾರ್ಡು. ಸಹನಾ ಯಾವತ್ತೋ ನೋಡಿ ನೋಡಿ ಆರಿಸಿದ್ದು. ಒಂದರ ಪಕ್ಕ ಒಂದು, ಯಾವುದೂ ದೊಡ್ಡದಲ್ಲ, ಯಾವುದೂ ಚಿಕ್ಕದಲ್ಲ, ಒತ್ತದೆ ಓರೆ ಮಾಡದೆ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಗುಂಡಿ ಒತ್ತಿದರೆ ಪರದೆ ಬೆಳಗಿತು. ರಮಾಕಾಂತ, ಕಾಫಿ ಮಾಡ್ತೀನಿ ಎಂದು ಗೊಣಗಿ ಅಡುಗೆಮನೆಗೆ ಹೊರಟುಬಿಟ್ಟ.

ಸುಮಿತ್ರಾ ಅವನ ಕುರ್ಚಿಯಲ್ಲಿ ಕೂತು ಲಾರಿ ಬಿಟ್ಟಳು. ಘಾಟಿ ಹತ್ತಿತು. ಭೀಮಿಲಿ ತಿರುವು ಬಂತು. ಲಾರಿ ಬೆಣ್ಣೆಯ ಮೇಲೆ ಹೋದ ಹಾಗೆ ತಿರುಗಿ ಮುಂದಕ್ಕೆ ಹೋಯಿತು. ಏನೋ ಒಂದು ಸಲ ಹೀಗೆ ಎಂದುಕೊಂಡು ವಾಪಸು ಬಂದು ಮತ್ತೆ ತಿರುಗಿಸಿದಳು. ಮತ್ತೆ ಹೋಯಿತು. ಲೋಡು ತುಂಬಿ ಜೋರಾಗಿ ಓಡಿಸಿದಳು. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ, ಸ್ಟೇರಿಂಗೂ ಕೈ ಬಿಡಲಿಲ್ಲ. ಬೀಚ್ ರಸ್ತೆಯಲ್ಲಿ ನಾಯಿ ಅಡ್ಡ ಬರುವುದಕ್ಕೆ ಮೊದಲೇ ಸ್ಕೂಟರು ನಿಲ್ಲಿಸುವ ಮನುಷ್ಯ ದಿನಾ ಇಲ್ಲಿ ಬೀಳುವುದು ಹೇಗೆ ಎಂದು ಅವಳಿಗೆ ಈಗ ಹೊಳೆಯಿತು. ತಿರುಗಿ ನೋಡಿದರೆ ರಮಾಕಾಂತ ಎರಡು ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

ಸುಮಿತ್ರಾ: ಎಲ್ಲಿ ನಿಲ್ಲುತ್ತೆ ರೀ ಇದು?

ರಮಾಕಾಂತ: ಕಾಫಿ ಆರುತ್ತೆ.

ಸುಮಿತ್ರಾ: ಆರಲಿ. ಎಲ್ಲಿ ನಿಲ್ಲುತ್ತೆ?

ರಮಾಕಾಂತ: ಎಲ್ಲೂ ನಿಲ್ಲಲ್ಲ. ನಾನೇ ಬೀಳ್ತಿದ್ದೆ.

ಸುಮಿತ್ರಾ: ಬೇಕು ಅಂತಾನಾ?

ರಮಾಕಾಂತ: ಬೇಕು ಅಂತಲೇ. ಲೋಡು ಇಳಿಸಿದ ತಕ್ಷಣ ನೀನು ‘ಸರೇ, ಇಡ್ತೀನಿ’ ಅಂತ ಇಟ್ಟುಬಿಡ್ತಿದ್ದೆ. ಬಿದ್ರೆ ಹಗ್ಗ ತಗೊಂಡು ವಾಪಸ್ ಬರ್ತಿದ್ದೆ. ಬೈತಾ ಬೈತಾ ಎಳೀತಿದ್ದೆ. ಬೈದು ಮುಗಿದ ಮೇಲೆ ಇನ್ನೇನೋ ಮಾತಾಡ್ತಿದ್ದೆ. ನಿಮ್ಮಪ್ಪನ ವಿಷಯ, ಸಹನಾ ವಿಷಯ. ನನಗೆ ಆ ಮಾತು ಬೇಕಾಗಿತ್ತು ಕಣೇ. ಇನ್ನು ಸ್ವಲ್ಪ ಹೊತ್ತು ಇರು ಅಂತ ಬಾಯಿಬಿಟ್ಟು ಕೇಳೋಕೆ ನಾಚಿಕೆ ಆಯ್ತು, ಈ ವಯಸ್ಸಿಗೆ.

ಸುಮಿತ್ರಾ ಕಾಫಿ ಲೋಟ ತೆಗೆದುಕೊಂಡಳು. ಅವಳಿಗೆ ಸಿಟ್ಟು ಬರಬೇಕಾಗಿತ್ತು. ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ. ಬದಲಿಗೆ ಕಣ್ಣು ತುಂಬಿಕೊಂಡಿತು. ಅದು ಕಾಣಬಾರದೆಂದು ಜೋರು ಮಾಡಿದಳು.

ಸುಮಿತ್ರಾ: ಹೊಸ ಭಾಗ ತರೋಣ ಅಂದಾಗಲೇ ಹೇಳ್ಬೇಕಿತ್ತು ತಾನೇ?

ರಮಾಕಾಂತ: ನೀನು ತಪ್ಪು ಮಷೀನ್ ಮೇಲೆ ಹಾಕಿದೆ. ನಾನು ಅಲ್ಲ ಅನ್ನಲಿಲ್ಲ. ಅಲ್ಲಿಂದ ಇಳಿಯೋಕೆ ದಾರಿ ಸಿಗಲಿಲ್ಲ.

ಸುಮಿತ್ರಾ: ಸುಳ್ಳು ಹೇಳಿದ್ದು ಹೇಳಿದ್ರಿ, ಒಂದು ಸಣ್ಣ ಕಾರ್ಡು ತಂದು ಸುಮ್ನಿರ್ಬಾರ್ದಿತ್ತಾ? ಒಂದೂವರೆ ಗೇಣಿನದ್ದು ಯಾಕೆ?

ರಮಾಕಾಂತ: ಸುಳ್ಳೂ ಅಷ್ಟು ದೊಡ್ಡದಿತ್ತಲ್ಲ. ಎರಡಕ್ಕೂ ಹೊಂದಿಕೆ ಇರಲಿ ಅಂತ.

ಸುಮಿತ್ರಾ: ಅಂಥ ಮಷೀನಲ್ಲಿ ನಾಳೆಯಿಂದ ಹೇಗೆ ಬೀಳೋಣ ಅಂತಿದ್ರಿ?

ರಮಾಕಾಂತ: ಅದೇ ಚಿಂತೆ ಇತ್ತು. ಬೆಳಗ್ಗೆ ನಿನ್ನ ಪ್ರೊಸೆಸರ್ ಪೆಟ್ಟಿಗೆ ಓದಿದಾಗ, ನಿಜ ಹೇಳ್ಬೇಕು ಅಂದ್ರೆ, ಇದರಲ್ಲಾದ್ರೆ ಚಿತ್ರ ನಿಲ್ಲುತ್ತೆ ಅಂತ ಒಳಗೊಳಗೇ ಜೀವ ಬಂತು.

ಅಷ್ಟು ಹೊತ್ತು ತಡೆದುಕೊಂಡಿದ್ದ ಸುಮಿತ್ರಾ ನಕ್ಕುಬಿಟ್ಟಳು. ನಗು ನಿಲ್ಲದೆ ಕಾಫಿ ಸೀರೆಯ ಮೇಲೆ ಚೆಲ್ಲಿತು. ಊಟ ಮುಗಿಸಿ, ಅವಳು ತಂದಿದ್ದನ್ನೆಲ್ಲ ರಮಾಕಾಂತ ಬಿಗಿಯಾಗಿ ಕಟ್ಟಿಕೊಟ್ಟ. ವಿಜಯವಾಡದ ಅಂಗಡಿಗೆ ವಾಪಸು. ಅವಳ ಪೆಟ್ಟಿಗೆಗಳಿಗೆ ಯಾರೂ ಕುಂಕುಮ ಇಟ್ಟಿರಲಿಲ್ಲ. ಉಳಿದದ್ದು ದೊಡ್ಡ ಕಾರ್ಡು.

ರಮಾಕಾಂತ: ಇದನ್ನೇನು ಮಾಡೋದು?

ಸುಮಿತ್ರಾ: ಏಳು ಬಣ್ಣದ ಮೆಮೊರಿನೂ ಜೊತೆಗಿಟ್ಟು ಸಹನಾಗೆ ಕೊಡಿ. ಅರಿಶಿನ, ಕುಂಕುಮ, ಅಕ್ಷತೆ, ಹೂವು, ಎಲ್ಲಾ ನೀವೇ ಹಾಕಿದ್ದೀರಿ. ಒಂದು ಮೊರ ಸಿಕ್ಕಿದ್ರೆ ಬಾಗಿನ ಆಗುತ್ತೆ.

ಸಂಜೆಯ ರೈಲಿಗೆ ಅವಳು ಹೋದಳು. ಕಿಟಕಿಯ ಹತ್ತಿರ ನಿಂತು ರಮಾಕಾಂತ, ನಾಳೆಯಿಂದ ಸರಿಯಾಗಿ ಓಡಿಸ್ತೀನಿ ಎಂದು ಆಣೆಯಿಟ್ಟ. ಅವಳು ತಲೆಯಾಡಿಸಿದಳು.

ಸೋಮವಾರ ಬ್ಯಾಂಕು ಮುಗಿಸಿ, ವಿಜಯವಾಡದ ಕೋಣೆಯಲ್ಲಿ ದೀಪ ಹಚ್ಚಿ, ಸುಮಿತ್ರಾ ಲ್ಯಾಪ್‌ಟಾಪು ತೆರೆದಳು. ಎರಡು ಲಾರಿ ಅನಕಾಪಲ್ಲಿ ಬೆಲ್ಲ ತುಂಬಿಕೊಂಡು ಹೊರಟವು. ಇವತ್ತು ರಮಾಕಾಂತನೇ ಮುಂದೆ. ಕೊಟ್ಟ ಮಾತಿಗೆ ತಪ್ಪದೆ ಭೀಮಿಲಿ ತಿರುವನ್ನು ಅಳೆದು ಸುರಿದ ಹಾಗೆ ದಾಟಿದ. ದಾಟಿ ಬಹಳ ದೂರ ಹೋದ ಮೇಲೆ ಕನ್ನಡಿಯಲ್ಲಿ ನೋಡಿದರೆ ಹಿಂದಿನ ಲಾರಿಯ ದೀಪವಿಲ್ಲ.

ರಮಾಕಾಂತ: ಸುಮಿ, ಎಲ್ಲಿದ್ದೀಯ?

ಸುಮಿತ್ರಾ: ಹಳ್ಳದಲ್ಲಿ. ಚಿತ್ರ ನಿಂತುಹೋಯ್ತು ರೀ, ಸ್ಟೇರಿಂಗ್ ಕೈಗೇ ಸಿಗಲಿಲ್ಲ.

ಆ ಕಡೆಯಿಂದ ಲಾರಿ ತಿರುಗಿಸುವ ಸದ್ದು ಕೇಳಿತು.

ರಮಾಕಾಂತ: ನಿನ್ನ ಲ್ಯಾಪ್‌ಟಾಪ್ ಹಳೇದಾಯ್ತು ಅನ್ಸುತ್ತೆ. ಹೊಸ ಭಾಗ ಹಾಕಿಸೋಣ್ವಾ?

ಸುಮಿತ್ರಾ: ಏನೂ ಬೇಡ. ಹಗ್ಗ ತಗೊಂಡು ನಿಧಾನಕ್ಕೆ ಬನ್ನಿ.